ದತ್ತು ಮಕ್ಕಳು ತಮ್ಮ ಹುಟ್ಟಿನ ದಾಖಲೆ ಕೇಳೋದು ಹೇಗೆ

ನಾನು ದತ್ತು ಮಗಳು, ಹುಬ್ಬಳ್ಳಿಯಲ್ಲೇ ಬೆಳೆದವಳು. ಹುಟ್ಟಿನ ಕಾಗದ ಬೇಕು ಅಂದರೆ "ಸಾಕಿದವರಿಗೆ ನೋವು ಮಾಡ್ತೀಯಾ?" ಅನ್ನುವವರೇ ಜಾಸ್ತಿ. ಕೇಳೋದು ತಪ್ಪಲ್ಲ. ಮೊದಲು ಮನೆಯಲ್ಲೇ ಕೇಳಿ. ನನ್ನ ಅವ್ವನೇ ಟ್ರಂಕಿನ ತಳದಿಂದ ಕಾಗದ ತೆಗೆದುಕೊಟ್ಟಳು.

ಸಂಬಂಧಿಕರಲ್ಲೇ 1956ರ ಹಿಂದೂ ದತ್ತಕ ಕಾಯ್ದೆ ಪ್ರಕಾರ ಆದ ದತ್ತಕವಾದರೆ ಕೆಲಸ ಸುಲಭ. ನೋಂದಣಿಯಾದ ದತ್ತಕ ಪತ್ರದಲ್ಲಿ ಕೊಟ್ಟವರ ಹೆಸರು, ಸಹಿ ಇರುತ್ತವೆ. ಪತ್ರ ಕಳೆದಿದ್ದರೆ ನೋಂದಣಿ ಆದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಕೇಳಿ.

ದತ್ತು ಕೊಡುವ ಸಂಸ್ಥೆಯಿಂದ ಬಂದವರಿಗೆ ದಾರಿ ಬೇರೆ. ಜನನ ಪ್ರಮಾಣಪತ್ರ ಇಟ್ಟುಕೊಂಡು ಸುಮ್ನೆ ಓಡಾಡಬೇಡಿ, ಅದರಲ್ಲಿ ಸಾಕಿದವರ ಹೆಸರೇ ಇರುತ್ತದೆ. ದತ್ತು ಆದೇಶ ಹುಡುಕಿ. ಈಗ ಅದನ್ನು ಜಿಲ್ಲಾಧಿಕಾರಿ ಕೊಡುತ್ತಾರೆ, ಮೊದಲು ಕೋರ್ಟು ಕೊಡುತ್ತಿತ್ತು. ಆಮೇಲೆ ಕಾರಾಗೆ, ಅಂದರೆ ದೆಹಲಿಯ ಕೇಂದ್ರ ದತ್ತು ಪ್ರಾಧಿಕಾರಕ್ಕೆ, ಆನ್‌ಲೈನ್‌ನಲ್ಲಿ 'ರೂಟ್ ಸರ್ಚ್', ಅಂದರೆ ಹುಟ್ಟಿನ ಮೂಲ ಹುಡುಕಿಕೊಡಿ ಅನ್ನುವ, ಅರ್ಜಿ ಹಾಕಿ. 18 ತುಂಬಿದ್ದರೆ ನೀವೊಬ್ಬರೇ ಹಾಕಬಹುದು. ಗೊತ್ತಾಗದಿದ್ದರೆ ಧಾರವಾಡದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ, ಹೋಗಿ ಕೇಳಿ. ದುಡ್ಡು ಕೊಟ್ಟು ಬೇರೆಯವರಿಂದ ಹುಡುಕಿಸಬೇಡಿ. ಮೂರನೆಯವರು ಹುಡುಕೋದಕ್ಕೆ 2022ರ ದತ್ತು ನಿಯಮಗಳಲ್ಲಿ ಅವಕಾಶವೇ ಇಲ್ಲ.

ಅರ್ಜಿಯಲ್ಲಿ ಬರೀ ಹೆಸರು ಕೇಳಬೇಡಿ, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಹೆತ್ತವಳು ಮಗುವನ್ನು ಒಪ್ಪಿಸುವಾಗ ತನ್ನ ಹೆಸರು ಹೊರಗೆ ಬರಬಾರದು ಅಂದಿದ್ದರೆ, ಹೆಸರು ಹೇಳೋಕೆ ಅವಳ ಲಿಖಿತ ಒಪ್ಪಿಗೆ ಬೇಕು. ಅವಳು ಒಪ್ಪದಿದ್ದರೂ, ಸಿಗದಿದ್ದರೂ, ಯಾಕೆ, ಯಾವ ಪರಿಸ್ಥಿತಿಯಲ್ಲಿ ಒಪ್ಪಿಸಿದಳು ಅನ್ನೋದನ್ನು ನಿಮಗೆ ತಿಳಿಸಲೇಬೇಕು. ಯಾರೋ ಬಿಟ್ಟುಹೋದ ಮಗುವಾಗಿದ್ದರೆ ಎಲ್ಲಿ, ಹೇಗೆ ಸಿಕ್ಕಿತು ಅನ್ನೋದನ್ನು ಹೇಳಬಹುದು. ಆಗಿನ ವೈದ್ಯಕೀಯ ವರದಿಯನ್ನೂ ಕೇಳಿ.

ಇಂಗ್ಲೆಂಡಿನಲ್ಲಿ 1975ರ ಕಾಯ್ದೆ 18 ದಾಟಿದವರಿಗೆ ಮೂಲ ಜನನ ದಾಖಲೆ ತೆರೆಯಿತು. ನ್ಯೂಯಾರ್ಕ್ ರಾಜ್ಯ 2020ರಲ್ಲಿ ತೆರೆಯಿತು. ನಮ್ಮಲ್ಲೂ ಹಾಗೇ ಆಗಲಿ ಅನ್ನೋದು ನನ್ನ ಆಸೆ. ಆದರೆ ಹಾವೇರಿ ಕಡೆಯ ಒಂದು ಹಳ್ಳಿಯಲ್ಲಿ ಮತ್ತೆ ಸಂಸಾರ ಕಟ್ಟಿಕೊಂಡ ಹೆಣ್ಣುಮಗಳ ಮನೆ ಮುಂದೆ ಹೇಳದೆ ಕೇಳದೆ ಹೋಗಿ ನಿಂತರೆ ಅವಳ ಗತಿ ಏನು, ಅದನ್ನೂ ಯೋಚಿಸಬೇಕಲ್ವಾ? ಕಡತ ನಮಗೆ ಸಿಗಲಿ, ಭೇಟಿ ಅವಳು ಒಪ್ಪಿದ ಮೇಲೆ.

ಉತ್ತರ ಬಂದಾಗ ಒಬ್ಬರೇ ಓದಬೇಡಿ. ನಾನು ಅವ್ವನ ಪಕ್ಕ ಕೂತು ಓದಿದೆ. ಹೆಸರು ಇರಲಿಲ್ಲ, ಕಾರಣ ಇತ್ತು. ಅವ್ವ ಅದನ್ನು ಎರಡು ಸಲ ಓದಿಸಿಕೊಂಡಳು.