ವಾಟ್ಸಾಪ್ ಇದ್ದರೂ ನಾವು ಮೇಲಿಂಗ್ ಲಿಸ್ಟ್ ಮಾಡಿಕೊಂಡದ್ದು

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನನ್ನದೊಂದು ಇನ್ವರ್ಟರ್ ರಿಪೇರಿ ಅಂಗಡಿ. ಭಾನುವಾರ ಸಂಜೆ ಶಟರ್ ಅರ್ಧ ಇಳಿಸಿ ಆರ್ಡುಯಿನೊ, ಇಎಸ್‌ಪಿ32 ಅನ್ನುವ, ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡುಗಳ ಹುಚ್ಚಿನವರು ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಧಾರವಾಡದಿಂದ ಚಿಗರಿ ಬಸ್ಸು ಹತ್ತಿ ಬರುವ ಕಾಲೇಜು ಹುಡುಗ ಹುಡುಗಿಯರು, ಗದಗಿನ ಒಬ್ಬ ಮಾಸ್ತರು, ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ರೈತರು. ಗಿರ್ಮಿಟ್ ಖರ್ಚು ನನ್ನದು.

ಹೋದ ವರ್ಷ ಆ ರೈತರು ರಾತ್ರಿ ತ್ರೀ ಫೇಸ್ ಬಂದಾಗ ಮನೆಯಿಂದಲೇ ಮೋಟರ್ ಚಾಲೂ ಮಾಡಲು, ಮೊಬೈಲ್ ಸಿಮ್ ಹಾಕುವ ಸಿಮ್800ಎಲ್ ಮಾಡ್ಯೂಲನ್ನು ಆರ್ಡುಯಿನೊಗೆ ಜೋಡಿಸಿದ್ದರು. 'ಸರ, ಇದು ಮ್ಯಾಲಿಂದ ಮ್ಯಾಲೆ ರೀಸೆಟ್ ಆಗಾಕತ್ತೈತಿ' ಅಂತ ವಾಟ್ಸಾಪಿನಲ್ಲಿ ಕೇಳಿದರು. ಇದಕ್ಕೆ ನಾನು ಹಿಂದೆಯೇ ಎರಡು ಸಲ ಉದ್ದಕ್ಕೆ ಉತ್ತರ ಬರೆದಿದ್ದೆ. ನೆಟ್‌ವರ್ಕ್ ಹಿಡಿಯುವಾಗ ಈ ಮಾಡ್ಯೂಲ್ ಒಮ್ಮೆಲೇ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಆರ್ಡುಯಿನೊದ 5 ವೋಲ್ಟ್ ಪಿನ್ನಿಗೆ ಅಷ್ಟು ತಾಕತ್ತಿಲ್ಲ. ಮೇಲಾಗಿ ಇದಕ್ಕೆ ಬೇಕಾದದ್ದು 3.4ರಿಂದ 4.4 ವೋಲ್ಟ್. ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಬೇರೆಯೇ ಕೊಡಿ, ಮಾಡ್ಯೂಲಿನ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಇದು ಬರೀ 2ಜಿ, ಜಿಯೋ ಸಿಮ್ ನಡೆಯುವುದಿಲ್ಲ. ಇಷ್ಟೂ ಬರೆದದ್ದು ನನ್ನ ಹಳೆಯ ಫೋನಿನ ಜೊತೆ ಹೋಯಿತು, ಬ್ಯಾಕಪ್ ತೆಗೆದಿರಲಿಲ್ಲ. ಉಳಿದವರ ಫೋನಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಎಲ್ಲೋ ಇತ್ತು. ಮತ್ತೆ ಟೈಪ್ ಮಾಡಿದೆ. ಅದು ಮೂರನೇ ಸಲ.

ಆವತ್ತೇ ಗೂಗಲ್ ಗ್ರೂಪ್ಸ್‌ನಲ್ಲಿ ಒಂದು ಮೇಲಿಂಗ್ ಲಿಸ್ಟ್ ಮಾಡಿದೆ. ಅಂದರೆ ಒಂದೇ ವಿಳಾಸಕ್ಕೆ ಮೇಲ್ ಕಳಿಸಿದರೆ ಸದಸ್ಯರೆಲ್ಲರಿಗೂ ಹೋಗುತ್ತದೆ. ಜಿಮೇಲ್ ಇದ್ದರೆ ಸಾಕು, ದುಡ್ಡಿಲ್ಲ, ಹತ್ತು ನಿಮಿಷದ ಕೆಲಸ. ಆದರೆ ಸೆಟ್ಟಿಂಗ್ಸ್ ಹುಷಾರಾಗಿ ನೋಡಬೇಕು. ಮೊದಲು 'ಕಾನ್ವರ್ಸೇಶನ್ ಹಿಸ್ಟರಿ' ಆನ್ ಇದೆಯಾ ನೋಡಿ. ಆಫ್ ಇದ್ದರೆ ಮೇಲ್ ಹಂಚಿಹೋಗುತ್ತದೆ, ಹಳೆಯದು ಉಳಿಯುವುದಿಲ್ಲ. ಹಾಗಾದರೆ ಇಷ್ಟೆಲ್ಲ ಯಾಕೆ ಮಾಡಬೇಕು, ಅಲ್ವಾ? ಬರೆಯುವ ಹಕ್ಕು ಸದಸ್ಯರಿಗೆ ಮಾತ್ರ ಕೊಡಿ. ಹೊಸಬರ ಮೇಲ್ ನೀವು ನೋಡಿದ ಮೇಲೆಯೇ ಹೋಗುವಂತೆ ಇಡಿ, ಸ್ಪ್ಯಾಮ್ ಅಲ್ಲೇ ನಿಲ್ಲುತ್ತದೆ. ಉತ್ತರ ಇಡೀ ಗುಂಪಿಗೆ ಹೋಗುವಂತಿರಲಿ. ಇಲ್ಲದಿದ್ದರೆ ಕೇಳಿದವರಿಗೆ ಮಾತ್ರ ಸಿಕ್ಕಿ ಅಲ್ಲೇ ಮುಗಿಯುತ್ತದೆ. ಓನರ್ ಇಬ್ಬರಿರಲಿ. ನಮ್ಮಲ್ಲಿ ಎರಡನೆಯವರು ಗದಗಿನ ಮಾಸ್ತರು. ದಿನಕ್ಕೆ ಹತ್ತು ಮೇಲ್ ಬೇಡ ಅನ್ನುವವರಿಗೆ ಡೈಜೆಸ್ಟ್ ತೋರಿಸಿಕೊಡಿ, 25 ಮೇಲ್‌ವರೆಗೆ ಒಟ್ಟಿಗೆ ಕಟ್ಟಿ ಒಂದೇ ಮೇಲಾಗಿ ಬರುತ್ತವೆ.

ಯಾವುದು ಎಲ್ಲಿ? ಆರು ತಿಂಗಳಾದ ಮೇಲೂ ಯಾರಿಗಾದರೂ ಬೇಕಾಗಬಹುದು ಅನ್ನಿಸಿದರೆ ಮೇಲ್. 'ಇವತ್ತು ಐದಕ್ಕೆ ಶಟರ್ ತೆಗೀತೀನಿ', 'ಸೋಲ್ಡರ್ ಯಾರಾದರೂ ತರ್ರಿ' ಇವೆಲ್ಲ ವಾಟ್ಸಾಪ್. ಫೇಸ್‌ಬುಕ್ ಪುಟ ಹೊಸಬರನ್ನು ಕರೆಯಲು ಮಾತ್ರ. ನಾವು ಹಾಕಿದ್ದನ್ನು ಯಾರಿಗೆ ತೋರಿಸಬೇಕು ಅಂತ ಅದೇ ನಿರ್ಧರಿಸುತ್ತದೆ.

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ವಾಟ್ಸಾಪ್ ಗುಂಪಿಗೆ ಸೇರಿದರೆ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಇಬ್ಬರು ಹುಡುಗಿಯರು ಅದಕ್ಕೇ ಸೇರಿರಲಿಲ್ಲ. ಮೇಲ್ ಲಿಸ್ಟಿಗೆ ಇಬ್ಬರೂ ಬಂದರು, ಈಗ ಜಾಸ್ತಿ ಉತ್ತರ ಬರೆಯುವವರು ಅವರೇ.

'ಮೇಲ್ ಯಾರ್ ನೋಡ್ತಾರ್ರಿ' ಅಂತ ಶುರುವಿನಲ್ಲಿ ಎಲ್ಲರದೂ ಒಂದೇ ರಾಗ. ಅದಕ್ಕೆ ನಾನು ಮಾಡಿದ್ದು ಇಷ್ಟೇ: ಉತ್ತರ ಮೇಲ್‌ನಲ್ಲಿ ಬರೆದು, ಅದರ ಲಿಂಕ್ ಮಾತ್ರ ವಾಟ್ಸಾಪಿಗೆ ಹಾಕಿದೆ. ಎರಡು ತಿಂಗಳು ಬೇಕಾಯಿತು, ರೂಢಿಯಾಯಿತು. ವಿಷಯದ ಸಾಲಿನಲ್ಲಿ 'ಹೆಲ್ಪ್ ಅರ್ಜೆಂಟ್' ಅಂತ ಸುಮ್ನೆ ಬರೆಯಲು ಬಿಡಬೇಡಿ. 'ಸಿಮ್800ಎಲ್ ರೀಸೆಟ್ ಆಗುತ್ತಿದೆ' ಅಂತಿದ್ದರೆ ಹುಡುಕಿದಾಗ ಸಿಗುತ್ತದೆ. ಕೋಡ್ ಅಕ್ಷರದಲ್ಲೇ ಅಂಟಿಸಲಿ, ಸ್ಕ್ರೀನಿನ ಫೋಟೊದಿಂದ ಕಾಪಿ ಮಾಡುವುದು ದೊಡ್ಡ ಕಿರಿಕಿರಿ.

ಲಿಸ್ಟೂ ಶಾಶ್ವತ ಅಂತ ನಂಬಬೇಡಿ. ಇಂಥದ್ದೇ ಆಗಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಪೂರ್ತಿ ಮುಚ್ಚಿತು. ಓನರ್ ಆದವರು ಗೂಗಲ್ ಟೇಕ್‌ಔಟ್‌ನಿಂದ ಎಲ್ಲ ಮೇಲ್‌ಗಳ ಪ್ರತಿ ಇಳಿಸಿಕೊಳ್ಳಬಹುದು. ನಾನು ವರ್ಷಕ್ಕೆರಡು ಸಲ, ಯುಗಾದಿಗೆ ಮತ್ತು ದೀಪಾವಳಿಗೆ, ಇಳಿಸಿ ಪೆನ್‌ಡ್ರೈವಿಗೆ ಹಾಕುತ್ತೇನೆ. ಒಂದು ಪ್ರತಿ ಅಂಗಡಿಯ ಡ್ರಾವರಿನಲ್ಲಿ, ಇನ್ನೊಂದು ಗದಗಿನ ಮಾಸ್ತರ ಮನೆಯಲ್ಲಿ.