ದಾಸವಾಳದ ಮೊಗ್ಗು ಉದುರುತ್ತಿದೆಯಾ?

ಎಲ್ಲರಿಗೂ ನಮಸ್ಕಾರ. ಮೊಗ್ಗು ಅರಳುವ ಮೊದಲೇ ಉದುರುತ್ತದೆ ಅಂತ ಬಹಳ ಜನ ಕೇಳುತ್ತಿದ್ದೀರಿ. ವಿಜಯಪುರದ ನಮ್ಮ ಮನೆಯಲ್ಲೂ ಎರಡು ವರ್ಷ ಹೀಗೇ ಆಗಿತ್ತು.

ಕುಂಡಕ್ಕೆ ಬರೀ ಎರೆಮಣ್ಣು ತುಂಬಬೇಡಿ. ನೀರು ಬಸಿಯದೆ ಬೇರು ಕೊಳೆಯುತ್ತದೆ. ಕೆಂಪು ಮಣ್ಣು, ಮರಳು, ಹಳೆಯ ತಿಪ್ಪೆಗೊಬ್ಬರ ಕಲಸಿ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಣ್ಣು ಪೂರ್ತಿ ಒಣಗಿದರೂ ಮೊಗ್ಗು ನಿಲ್ಲುವುದಿಲ್ಲ. ಬುಡಕ್ಕೆ ಜೋಳದ ಕಣಿಕೆ ಹೊದಿಸಿ.

ಜಾಸ್ತಿ ಕಾಡುವುದು ಹಿಟ್ಟು ತಿಗಣೆ. ಚಿಗುರು ಮುರುಟಿಕೊಂಡು ಗಂಟು ಕಟ್ಟಿರುತ್ತದೆ, ತೊಟ್ಟಿನ ಸಂದಿಯಲ್ಲಿ ಹತ್ತಿ ಅಂಟಿದ ಹಾಗೆ ಬೆಳ್ಳಗೆ ಕಾಣುತ್ತದೆ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ತಕ್ಷಣ ಹುಡುಕಿ. ತಿಗಣೆ ಸೋರಿಸುವ ಸಿಹಿ ಅಂಟಿಗೇ ಅವು ಬರುವುದು. ಮುರುಟಿದ ತುದಿ ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ, ಬುಡದಲ್ಲಿ ಮಾತ್ರ ಬಿಡಬೇಡಿ. 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ. ಸಂಜೆ ಹೊತ್ತು, ಎಲೆಯ ಕೆಳಗೂ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ವಾರ. ನಮ್ಮ ಗಿಡ ಉಳಿದದ್ದು ಇದರಿಂದಲೇ.

ಹೂವು ಬರುವುದು ಹೊಸ ಚಿಗುರಿನಲ್ಲಿ, ಅಲ್ವಾ? ಜೂನ್ ಮಳೆ ಬಿದ್ದ ಮೇಲೆ ಧೈರ್ಯವಾಗಿ ಸವರಿ. ಕತ್ತರಿಸಿದ ಕಡ್ಡಿ ಸುಮ್ನೆ ಎಸೆಯಬೇಡಿ. ಪೆನ್ಸಿಲ್ ದಪ್ಪದ ಗೇಣುದ್ದದ ತುಂಡು ನೆರಳಲ್ಲಿ ನೆಟ್ಟರೆ ಬೇರು ಬಿಡುತ್ತದೆ.