ಮಹಾಪ್ರಬಂಧ ಶೋಧಗಂಗಾಕ್ಕೆ ಏರುವ ಮುನ್ನ: ಕಾಪಿರೈಟ್ ನೋಡಿಕೊಳ್ಳುವ ಬಗೆ

ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಕನ್ನಡ ಪಿಎಚ್‌.ಡಿ. ಮಾಡುವವರು ಕಾಪಿರೈಟ್ ಮಾತನ್ನು ಪ್ರಬಂಧ ಸಲ್ಲಿಸುವ ತಿಂಗಳಿಗೆ ಬಿಡಬಾರದು. ಭಾರತದ ಪಿಎಚ್‌.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾಕ್ಕೆ ಏರಿದ ಪ್ರಬಂಧವನ್ನು ಯಾರು ಬೇಕಾದರೂ ಓದಬಹುದು, ಇಳಿಸಿಕೊಳ್ಳಬಹುದು. ಆದ್ದರಿಂದ ಮೊದಲ ಉದ್ಧರಣೆ ಬರೆದುಕೊಂಡ ದಿನವೇ ಒಂದು ನೋಟ್‌ಬುಕ್ ತೆರೆಯಿರಿ: ಕೃತಿ, ಪುಟ, ಎಷ್ಟು ಸಾಲು, ಹಕ್ಕು ಯಾರದು, ಅನುಮತಿ ಕೇಳಿದ ದಿನ, ಬಂದ ಉತ್ತರ.

ಮೊದಲು ಅವಧಿ ನೋಡಿ. 1957ರ ಕಾಪಿರೈಟ್ ಕಾಯ್ದೆಯಂತೆ ಲೇಖಕರು ಬದುಕಿರುವಾಗ ಪ್ರಕಟವಾದ ಕೃತಿಗೆ, ಅವರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. ಎಂ. ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ಅಂಥ ಕೃತಿಗಳ ಹಕ್ಕು 2023ರ ಕೊನೆಗೆ ಮುಗಿಯಿತು. ಮುಂಬಯಿಯಲ್ಲೇ ನೆಲೆಸಿದ್ದ ಯಶವಂತ ಚಿತ್ತಾಲರು ತೀರಿಕೊಂಡದ್ದು 2014ರಲ್ಲಿ. 2074ರ ಕೊನೆಯವರೆಗೂ ಹಕ್ಕಿದೆ. ಮರಣಾನಂತರ ಪ್ರಕಟವಾದದ್ದಕ್ಕೆ ಲೆಕ್ಕ ಪ್ರಕಟಣೆಯ ವರ್ಷದಿಂದ. ಹಳೆಯ ಕಾವ್ಯದ ಹೊಸ ಆವೃತ್ತಿಯಾದರೆ, ಮೂಲ ಮುಕ್ತವಾಗಿದ್ದರೂ ಸಂಪಾದಕರ ಪೀಠಿಕೆ, ಟಿಪ್ಪಣಿಗಳ ಹಕ್ಕು ಬೇರೆ.

ಹಕ್ಕಿರುವ ಕೃತಿಯಿಂದಲೂ ಸಂಶೋಧನೆ, ವಿಮರ್ಶೆಗಾಗಿ ಉದ್ಧರಿಸಲು ಸೆಕ್ಷನ್ 52 ಅವಕಾಶ ಕೊಡುತ್ತದೆ. ಇಲ್ಲೇ ದೊಡ್ಡ ಗೊಂದಲ. ಒಂದು ಕೃತಿಯ ಶೇ. 10ರವರೆಗೆ ಬಳಸಬಹುದು ಎಂಬ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ನಿಯಮದ ಸಾಮ್ಯತೆಯ ಮಿತಿ, ಅಂದರೆ ನಿಮ್ಮ ಪ್ರಬಂಧ ಬೇರೆ ಬರಹಗಳನ್ನು ಎಷ್ಟರಮಟ್ಟಿಗೆ ಹೋಲಬಹುದು ಎಂಬ ಮಿತಿ. ಕಾಪಿರೈಟಿಗೂ ಅದಕ್ಕೂ ಸಂಬಂಧವಿಲ್ಲ. ನೀವು ಚರ್ಚಿಸುವ ಎಂಟು ಸಾಲು ಉದ್ಧರಿಸುವುದು ಒಂದು. ಚರ್ಚೆಯೇ ಇಲ್ಲದೆ ಇಡೀ ಕವಿತೆಯನ್ನು ಅನುಬಂಧಕ್ಕೆ ಹಾಕುವುದು ಇನ್ನೊಂದು. ಎರಡನೆಯದಕ್ಕೆ ಅನುಮತಿ ಕೇಳಿ. ಅಡಿಟಿಪ್ಪಣಿಯಲ್ಲಿ ಹೆಸರು ಬರೆದರೆ ಕೃತಿಚೌರ್ಯದ ಆರೋಪ ತಪ್ಪೀತು, ಅನುಮತಿ ಸಿಕ್ಕಂತಾಗದು.

ಪತ್ರಗಳಲ್ಲಿ ಇನ್ನೂ ಎಚ್ಚರ ಬೇಕು. ಮಾಟುಂಗದ ಯಾರದೋ ಮನೆಯ ಕಪಾಟಿನಲ್ಲಿ ಸಾಹಿತಿಯ ಪತ್ರ ಸಿಕ್ಕರೆ ಕಾಗದ ಆ ಮನೆಯವರದು, ಬರಹದ ಹಕ್ಕು ಬರೆದವರದು ಅಥವಾ ಅವರ ವಾರಸುದಾರರದು. ಪತ್ರ ಕೊಟ್ಟವರ ಒಪ್ಪಿಗೆ ಸಾಲದು. ದುಡ್ಡು ಕೊಟ್ಟು ಸ್ಟುಡಿಯೊದಲ್ಲಿ ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು.

ಅನುಮತಿ ಪತ್ರದಲ್ಲಿ ಯಾವ ಪುಟದ ಯಾವ ಭಾಗ ಎಂದು ನಮೂದಿಸಿ, ಅದರ ಪ್ರತಿ ಲಗತ್ತಿಸಿ. ಪ್ರಬಂಧ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ, ಮುಂದೆ ಪುಸ್ತಕವೂ ಆಗಬಹುದು ಎಂಬೆರಡನ್ನೂ ಈಗಲೇ ತಿಳಿಸಿ. ಇಲ್ಲದಿದ್ದರೆ ಪುಸ್ತಕದ ಹೊತ್ತಿಗೆ ಮತ್ತೆ ಕೇಳಬೇಕಾಗುತ್ತದೆ. ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯಬೇಡಿ. ಆ ಭಾಗವನ್ನು ಕಿರಿದು ಮಾಡಿ, ಇಲ್ಲವೇ ಸಾರಾಂಶ ಬರೆಯಿರಿ.

ನಿಮ್ಮದೇ ಲೇಖನವಾದರೂ, ಪತ್ರಿಕೆಗೆ ಹಕ್ಕು ವರ್ಗಾಯಿಸಿ ಸಹಿ ಹಾಕಿದ್ದರೆ ಆ ಒಪ್ಪಂದ ಹುಡುಕಿ ಓದಿ. ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇನ್ನು ಸಹಿ ಹಾಕಬೇಕಿದ್ದರೆ, ಲೇಖನವನ್ನು ಪ್ರಬಂಧದ ಅಧ್ಯಾಯವಾಗಿ ಬಳಸುವ ಹಕ್ಕು ನನಗಿರಲಿ ಎಂಬ ಸಾಲು ಸೇರಿಸಿ ಕಳಿಸಿ.

ಕೊನೆಗೆ ಅಕ್ಷರದ ಮಾತು. ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪಿಸಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದರೆ ಸಿಗದು, ಸಾಮ್ಯತೆಯ ಪರೀಕ್ಷೆಯ ಫಲಿತಾಂಶವನ್ನೂ ನಂಬುವಂತಿಲ್ಲ. ಒಂದು ಸಾಲು ನಕಲಿಸಿ ಇಮೇಲಿಗೆ ಅಂಟಿಸಿ ನೋಡಿ. ಕನ್ನಡ ಬಾರದಿದ್ದರೆ ಕಡತವನ್ನು, ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯುನಿಕೋಡಿಗೆ ಪರಿವರ್ತಿಸಿ, ಉದ್ಧರಣೆಗಳನ್ನೆಲ್ಲ ಮೂಲದೊಂದಿಗೆ ಮತ್ತೊಮ್ಮೆ ಹೋಲಿಸಿ. ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದು ಆಗಲೇ.